ಸ್ಟೀರಿಂಗ್ ತಿರುಗಿಸಿದರೆ ಎಂಜಿನ್ ಬಂದ್: ಪಂಪ್ ಬದಲಿಸುವ ಮೊದಲು ಈ ಸ್ವಿಚ್ ನೋಡಿ

ಕೃಷಿಕರ ಪತ್ರಿಕೆಯಲ್ಲಿ ಕಾರಿನ ಸ್ಟೀರಿಂಗ್ ಸುದ್ದಿ ಯಾಕಪ್ಪಾ ಅಂತ ಕೆಲವರಿಗೆ ಅನಿಸೀತು. ನಮ್ಮ ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಈಗ ಸೆಕೆಂಡ್ ಹ್ಯಾಂಡ್ ಕಾರು ಶೋಕಿಯ ವಸ್ತುವಾಗಿ ಉಳಿದಿಲ್ಲ. ಪಂಪ್‌ಸೆಟ್, ಸ್ಪ್ರೇಯರ್‌ಗಳ ಹಾಗೆ ಅದೂ ಮನೆಯ ಒಂದು ಸಾಮಾನು. ಹಿಂದಿನ ಸೀಟು ಮಡಚಿದರೆ ಗೇರುಬೀಜದ ಚೀಲ, ಮೋಟಾರು ರಿಪೇರಿಗೆ ಒಯ್ಯುವಾಗ ಮೋಟಾರು, ರಾತ್ರಿ ಹೊತ್ತು ಯಾರಿಗಾದರೂ ಆರಾಮ ಇಲ್ಲದಿದ್ದರೆ ಬೆಳಗಾವಿ ಆಸ್ಪತ್ರೆಗೆ ಅದೇ ಗಾಡಿ. ಹಳೆಯ ಗಾಡಿ ಕಡಿಮೆ ಬೆಲೆಗೆ ಸಿಗುತ್ತದೆ ನಿಜ. ಆದರೆ ರಿಪೇರಿ ಅಂದಾಜಿನ ಮೇಲೆ ಸಾಗಿದರೆ ಉಳಿಸಿದ ದುಡ್ಡು ಎರಡೇ ವರ್ಷದಲ್ಲಿ ಗ್ಯಾರೇಜಿಗೆ ಹೋಗಿಬಿಡುತ್ತದೆ.

ಇಂಥ ಅಂದಾಜು ರಿಪೇರಿಗೆ ಪದೇ ಪದೇ ಬಲಿಯಾಗುವ ಒಂದು ದೋಷ ಇದೆ. ಹೆದ್ದಾರಿಯಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಬೆಳಗಾವಿಯ ಖಡೇಬಜಾರ್, ಗಣಪತ ಗಲ್ಲಿಯಂಥ ಇಕ್ಕಟ್ಟಿನಲ್ಲಿ ರಿವರ್ಸ್ ತೆಗೆಯಲು ಸ್ಟೀರಿಂಗ್ ಪೂರಾ ತಿರುಗಿಸಿದಿರೋ, ಎಂಜಿನ್ ನಡುಗಿ 'ಟಪ್' ಅಂತ ನಿಲ್ಲುತ್ತದೆ. ಮತ್ತೆ ಚಾವಿ ತಿರುಗಿಸಿದರೆ ಏನೂ ಆಗದವರ ಹಾಗೆ ಚಾಲೂ. ಮಿಸ್ತ್ರಿಯ ಬಳಿ ಹೋದರೆ ಬಹುತೇಕ ಒಂದೇ ಉತ್ತರ: "ಪಂಪ್ ಹೋಗೇತ್ರಿ, ಬದಲ ಮಾಡಬೇಕ್ರಿ." ಹಲವು ಸಲ ಪಂಪ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದರ ಪಕ್ಕ ಕೂತಿರುವ ಹೆಬ್ಬೆರಳು ಗಾತ್ರದ ಒಂದು ಸ್ವಿಚ್ ಸತ್ತಿರುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು. ಸ್ವಿಚ್ ಬದಲಿಸಿದ ಮೇಲೂ ಎಂಜಿನ್ ನಿಲ್ಲುತ್ತದೆ, ದೋಷ ಬೇರೆಲ್ಲೋ ಇರುತ್ತದೆ. ಯಾವುದು ಅಂತ ತಿಳಿಯಲು ಅರ್ಧ ಗಂಟೆ ಮತ್ತು ಒಂದು ಮಲ್ಟಿಮೀಟರ್ ಸಾಕು.

ಇದರಲ್ಲಿ ದುಡ್ಡಿಗಿಂತ ದೊಡ್ಡ ವಿಷಯವೂ ಇದೆ. ಎಂಜಿನ್ ನಿಂತ ಕೂಡಲೇ ಪವರ್ ಸ್ಟೀರಿಂಗಿನ ಸಹಾಯ ನಿಲ್ಲುತ್ತದೆ, ಸ್ಟೀರಿಂಗ್ ಕಲ್ಲಿನ ಹಾಗಾಗುತ್ತದೆ. ಬ್ರೇಕಿನ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ತುಳಿಯುವಷ್ಟು ಮಾತ್ರ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಆಕ್ಸಿಲರೇಟರ್ ಬಿಟ್ಟು ನಿಧಾನಕ್ಕೆ ತಿರುವು ಇಳಿಯುವಾಗ ಹೀಗಾದರೆ? ಆದ್ದರಿಂದ 'ಪಾರ್ಕಿಂಗಿನಲ್ಲಿ ಮಾತ್ರ ನಿಲ್ಲುತ್ತದೆ, ನಡೆಯುತ್ತದೆ ಬಿಡು' ಅಂತ ಸುಮ್ಮನಿರಬಾರದು.

ಸ್ವಿಚ್ಚಿನ ಕೆಲಸ ಏನು?

ಕಬ್ಬಿನ ಗಾಣಕ್ಕೆ ಡೀಸೆಲ್ ಎಂಜಿನ್ ಕಟ್ಟಿದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ದಪ್ಪ ಕಬ್ಬು ನಾಲ್ಕೈದು ಒಟ್ಟಿಗೆ ಕೊಟ್ಟಿರೆಂದರೆ ಎಂಜಿನ್ನಿನ ಸದ್ದು ಇಳಿಯುತ್ತದೆ. ಕೂಡಲೇ ಗವರ್ನರ್ ಹೆಚ್ಚು ಡೀಸೆಲ್ ಬಿಟ್ಟು ಅದನ್ನು ಎತ್ತಿ ಹಿಡಿಯುತ್ತದೆ.

ಹೈಡ್ರಾಲಿಕ್ ಪವರ್ ಸ್ಟೀರಿಂಗಿನಲ್ಲಿ ಎಂಜಿನ್ನೇ ಬೆಲ್ಟಿನ ಮೂಲಕ ಒಂದು ಎಣ್ಣೆ ಪಂಪನ್ನು ತಿರುಗಿಸುತ್ತದೆ. ಚಕ್ರ ನೆಟ್ಟಗಿದ್ದಾಗ ಎಣ್ಣೆ ಸುಮ್ಮನೆ ಸುತ್ತು ಹಾಕುತ್ತಿರುತ್ತದೆ, ಒತ್ತಡ ಕೆಲವೇ ಬಾರ್. ಸ್ಟೀರಿಂಗ್ ತಿರುಗಿಸಿದಾಗ ಒತ್ತಡ ಏರುತ್ತದೆ. ಕೊನೆಯವರೆಗೆ ತಿರುಗಿಸಿ ಹಿಡಿದರೆ ಗಾಡಿಯ ಮಾದರಿಗೆ ತಕ್ಕಂತೆ ಸುಮಾರು 60ರಿಂದ 100 ಬಾರ್ ಆಗುತ್ತದೆ. ಅಲ್ಲಿ ರಿಲೀಫ್ ವಾಲ್ವ್ ತೆರೆದು ಇನ್ನೂ ಏರದಂತೆ ತಡೆಯುತ್ತದೆ. ಹೋಲಿಕೆಗೆ ಹೇಳುವುದಾದರೆ ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್, ನಮ್ಮ ಎಚ್‌ಟಿಪಿ ಸ್ಪ್ರೇಯರ್ ಕೊಡುವುದು 20ರಿಂದ 40 ಬಾರ್.

ಇಷ್ಟು ಒತ್ತಡ ಎಬ್ಬಿಸಲು ಎಂಜಿನ್ನಿನಿಂದ ಶಕ್ತಿ ಬೇಕು. ಓಡುವಾಗ ಎಂಜಿನ್‌ಗೆ ಇದು ಲೆಕ್ಕಕ್ಕಿಲ್ಲ. ನಿಂತು 700–850 ಆರ್‌ಪಿಎಂನಲ್ಲಿ ಐಡಲ್ ಆಗುತ್ತಿರುವ ಸಣ್ಣ ಪೆಟ್ರೋಲ್ ಎಂಜಿನ್‌ಗೆ ಇದು ಗಾಣಕ್ಕೆ ಒಮ್ಮೆಲೇ ಕಬ್ಬು ಕೊಟ್ಟ ಹಾಗೆ. ಅದಕ್ಕೇ ಒತ್ತಡದ ಪೈಪಿನಲ್ಲೋ ಪಂಪಿನ ಮೈಯಲ್ಲೋ ಒಂದು ಪ್ರೆಶರ್ ಸ್ವಿಚ್ ಇಟ್ಟಿರುತ್ತಾರೆ. ಒತ್ತಡ ಗೊತ್ತಾದ ಮಟ್ಟ ದಾಟಿದ ಕೂಡಲೇ ಇದು 'ಹೊರೆ ಬರ್ತಾ ಇದೆ' ಅಂತ ಎಂಜಿನ್ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ. ಕಂಪ್ಯೂಟರ್ ಐಡಲ್ ವಾಲ್ವ್ ತೆರೆದು ಗಾಳಿ, ಪೆಟ್ರೋಲ್ ಹೆಚ್ಚು ಕೊಡುತ್ತದೆ. ಸುದ್ದಿ ಹೋಗದಿದ್ದರೆ ಅಥವಾ ತಡವಾದರೆ ಎಂಜಿನ್ ಮುಗ್ಗರಿಸುತ್ತದೆ.

ಒಂದು ಮಾತು ಚೆನ್ನಾಗಿ ನೆನಪಿರಲಿ. ಈ ಸ್ವಿಚ್ ಸುದ್ದಿ ಮುಟ್ಟಿಸುವ ಆಳು ಅಷ್ಟೇ. ಒತ್ತಡ ಎಬ್ಬಿಸುವುದು ಅದರ ಕೆಲಸ ಅಲ್ಲ. ಹಾಗಾಗಿ ಸ್ವಿಚ್ ಸತ್ತರೆ ಸ್ಟೀರಿಂಗ್ ಬಿಗಿಯಾಗುವುದಿಲ್ಲ.

ನಿಮ್ಮ ಗಾಡಿಯಲ್ಲಿ ಇದು ಇದೆಯೇ?

ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಪವರ್ ಸ್ಟೀರಿಂಗ್ ಮಾಡಿ ತೋರಿಸಿದ್ದ. ಮಾರುಕಟ್ಟೆಯ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ನಮ್ಮಲ್ಲಿ ಸಾಮಾನ್ಯ ಸಂಸಾರಸ್ಥರ ಕಾರುಗಳಿಗೆ ಹರಡಿದ್ದು 1990ರ ದಶಕದ ಕೊನೆಗೆ. 1998ರಲ್ಲಿ ಬಂದ ಮೊದಲ ಹೋಂಡಾ ಸಿಟಿ, 1999ರ ಹುಂಡೈ ಆಕ್ಸೆಂಟ್ ಮೊದಲಾದ ಹೈಡ್ರಾಲಿಕ್ ಸ್ಟೀರಿಂಗಿನ ಪೆಟ್ರೋಲ್ ಕಾರುಗಳಲ್ಲಿ ಈ ಸ್ವಿಚ್ ಕಾಣಬಹುದು.

ಮಾರುತಿ 800, ಓಮ್ನಿಗಳಿಗೆ ಪವರ್ ಸ್ಟೀರಿಂಗೇ ಇಲ್ಲ. ಈಚಿನ ಆಲ್ಟೊ ಕೆ10, ಸ್ವಿಫ್ಟ್‌ಗಳಲ್ಲಿ ಎಣ್ಣೆಯ ಬದಲು ಕರೆಂಟ್ ಮೋಟಾರಿನ ಸ್ಟೀರಿಂಗ್ ಇದೆ. ಬಾನೆಟ್ ಎತ್ತಿ ನೋಡಿ. ಸ್ಟೀರಿಂಗ್ ಎಣ್ಣೆಯ ಡಬ್ಬಿ ಇಲ್ಲದಿದ್ದರೆ ಈ ಲೇಖನದ ಪರೀಕ್ಷೆ ನಿಮ್ಮ ಗಾಡಿಗೆ ಅನ್ವಯಿಸುವುದಿಲ್ಲ. ಟ್ರ್ಯಾಕ್ಟರ್ ಮತ್ತು ಹಳೆಯ ಡೀಸೆಲ್ ಜೀಪುಗಳಲ್ಲಿ ಪವರ್ ಸ್ಟೀರಿಂಗ್ ಇದ್ದರೂ ಇಂಥ ಸ್ವಿಚ್ ಸಾಮಾನ್ಯವಾಗಿ ಇರದು. ಅಲ್ಲಿ ಗವರ್ನರ್ ಆ ಕೆಲಸ ನೋಡಿಕೊಳ್ಳುತ್ತದೆ.

ಎಣ್ಣೆ ಡಬ್ಬಿಯಿಂದ ಪಂಪಿಗೆ ಬರುವುದು ದಪ್ಪ ಮೆತ್ತನೆಯ ರಬ್ಬರ್ ಪೈಪು. ಪಂಪಿನಿಂದ ಹೊರಡುವ ಲೋಹದ ತುದಿಯ ಗಟ್ಟಿ ಪೈಪು ಒತ್ತಡದ್ದು. ಅದರ ಮೇಲೆ ಅಥವಾ ಪಂಪಿನ ಮೈಯಲ್ಲಿ ಒಂದೋ ಎರಡೋ ವೈರು ಸೇರಿದ ಸಣ್ಣ ಪ್ಲಗ್ ಕಂಡರೆ ಅದೇ ಈ ಸ್ವಿಚ್. ಮೂರು ವೈರು ಇದ್ದರೆ ಅದು ಸ್ವಿಚ್ ಅಲ್ಲ, ಒತ್ತಡ ಅಳೆಯುವ ಸೆನ್ಸರ್. ಅದರ ಪರೀಕ್ಷೆ ಬೇರೆ. ಕೆಳಗೆ ಹೇಳಿದ ವೈರು ಜೋಡಿಸುವ ಪರೀಕ್ಷೆಯನ್ನು ಅದಕ್ಕೆ ಮಾಡಲೇಬಾರದು.

ಖರ್ಚಿಲ್ಲದ ಪರೀಕ್ಷೆಗಳು ಮೊದಲು

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಗಾಡಿ ಸಮತಟ್ಟಿನಲ್ಲಿ ನಿಲ್ಲಲಿ. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

1. ಸ್ಟೀರಿಂಗ್ ಮುಟ್ಟದೆ ಹೆಡ್‌ಲೈಟ್ ಹಾಕಿ, ಆಮೇಲೆ ಎಸಿ ಹಾಕಿ. ಇವೂ ಎಂಜಿನ್‌ಗೆ ಹೊರೆಯೇ. ಆಗಲೂ ಎಂಜಿನ್ ಕುಸಿದರೆ ಸ್ಟೀರಿಂಗ್ ಸ್ವಿಚ್ಚಿನ ಹಿಂದೆ ಬೀಳಬೇಡಿ. ಥ್ರಾಟಲ್ ಬಾಡಿಯಲ್ಲಿ ಇಂಗಾಲ ಕಟ್ಟಿರಬಹುದು, ಐಡಲ್ ವಾಲ್ವ್ ಹಿಡಿದಿರಬಹುದು. ಅದನ್ನು ಮೊದಲು ತೊಳೆಸಿ. ಎಸಿ, ಲೈಟಿಗೆ ಜಗ್ಗದೆ ಸ್ಟೀರಿಂಗಿಗೆ ಮಾತ್ರ ಕುಸಿದರೆ ಮುಂದಕ್ಕೆ ಹೋಗೋಣ.

2. ಸ್ಟೀರಿಂಗ್ ಬಿಗಿ ಇದೆಯೋ ಹಗುರ ಇದೆಯೋ ನೋಡಿ. ಬಿಗಿ ಇದ್ದರೆ ಟೈರಿನ ಗಾಳಿ, ಎಣ್ಣೆಯ ಮಟ್ಟ, ಬೆಲ್ಟು, ಪಂಪು ಇವೇ ಆರೋಪಿಗಳು. ಎಂದಿನಂತೆ ಹಗುರವಾಗಿದ್ದು ಎಂಜಿನ್ ಮಾತ್ರ ಕುಸಿದರೆ ಸ್ವಿಚ್ಚಿನ ಮೇಲೆ ಅನುಮಾನ ಬಲವಾಗುತ್ತದೆ.

3. ಡಬ್ಬಿಯ ಗುರುತಿನವರೆಗೆ ಎಣ್ಣೆ ಇದೆಯೇ? ನೊರೆ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಮುಗಿದ ಹಾಗೆ. ತಿರುಗಿಸುವಾಗ 'ಕೀಂಯ್' ಅಂತ ಕೂಗಿದರೆ ಬೆಲ್ಟ್ ಸಡಿಲ.

4. ಎಂಜಿನ್ ಆರಿಸಿ, ತಣಿದ ಮೇಲೆ ಸ್ವಿಚ್ಚಿನ ಪ್ಲಗ್ ಬಿಚ್ಚಿ ಒಳಗೆ ಇಣುಕಿ. ಒಳಗೆ ಎಣ್ಣೆ ಕಂಡರೆ ಸ್ವಿಚ್ಚಿನ ಒಳಗಿನ ಪರದೆ ಒಡೆದಿದೆ. ಮೀಟರ್ ಕೂಡ ಬೇಕಿಲ್ಲ, ಸ್ವಿಚ್ ಬದಲಿಸುವುದೇ. ಬಿಟ್ಟರೆ ಎಣ್ಣೆ ವೈರಿನೊಳಗೆ ಹೀರಿಕೊಂಡು ಮುಂದೆ ಸಾಗುತ್ತದೆ. ಹೊರಗೆ ಸೋರುತ್ತಿದ್ದರೆ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಬೆಂಕಿಯ ಅಪಾಯವೂ ಇದೆ.

ಇದಕ್ಕೆ ವಿರುದ್ಧವಾದ ಲಕ್ಷಣವೂ ಒಂದಿದೆ. ಸ್ವಿಚ್ 'ಹೊರೆ ಇದೆ' ಅನ್ನುವ ಕಡೆಗೇ ಸಿಕ್ಕಿಹಾಕಿಕೊಂಡರೆ ಎಂಜಿನ್ ನಿಲ್ಲುವುದಿಲ್ಲ. ಬದಲಿಗೆ ಐಡಲ್ ಸದಾ ಏರಿಯೇ ಇರಬಹುದು, ಪೆಟ್ರೋಲ್ ಸುಮ್ಮನೆ ಸುಡುತ್ತದೆ.

ಮಲ್ಟಿಮೀಟರ್ ಹಿಡಿದು

ಪಂಪ್‌ಸೆಟ್ ಮೋಟಾರಿನ ವೈಂಡಿಂಗ್ ನೋಡುವ ಅದೇ ಮೀಟರ್ ಸಾಕು. 'ಬೀಪ್' ಬರುವ ಕಡೆ ಇಡಿ. ಇಬ್ಬರು ಬೇಕು. ಒಬ್ಬರು ಸ್ಟೀರಿಂಗಿಗೆ, ಒಬ್ಬರು ಮೀಟರಿಗೆ. ಲುಂಗಿ, ಶಾಲು, ಸಡಿಲ ತೋಳು ಬೇಡ. ಫ್ಯಾನು, ಬೆಲ್ಟು ಹತ್ತಿರದಲ್ಲೇ ಇರುತ್ತವೆ.

ಎಂಜಿನ್ ಬಂದ್ ಇರುವಾಗಲೇ ಪ್ಲಗ್ ಬಿಚ್ಚಿ ಸ್ವಿಚ್ಚಿನ ಎರಡು ಕಡ್ಡಿಗಳಿಗೆ ಮೀಟರಿನ ಕ್ಲಿಪ್ ಹಾಕಿ. ಒಂದೇ ಕಡ್ಡಿ ಇದ್ದರೆ ಇನ್ನೊಂದು ಕ್ಲಿಪ್ ಪಂಪಿನ ಲೋಹದ ಮೈಗೆ. ಈಗ ಎಂಜಿನ್ ಚಾಲೂ ಮಾಡಿ ಚಕ್ರ ನೆಟ್ಟಗಿರುವಾಗ ಮೀಟರ್ ಏನು ಹೇಳುತ್ತದೆ, ಬರೆದುಕೊಳ್ಳಿ. ಆಮೇಲೆ ಸ್ಟೀರಿಂಗ್ ಒಂದು ಬದಿಗೆ ಕೊನೆಯವರೆಗೆ ತಿರುಗಿಸಲು ಹೇಳಿ. ಕೊನೆಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಎಣ್ಣೆ ಕುದಿಯುವಷ್ಟು ಬಿಸಿಯಾಗಿ ಪಂಪ್ ಹಾಳಾದೀತು. ಒಂದು ನಿಮಿಷ ಬಿಟ್ಟು ಇನ್ನೊಂದು ಬದಿಗೂ ನೋಡಿ.

ಕೆಲವು ಕಂಪನಿಗಳ ಸ್ವಿಚ್ ಸುಮ್ಮನಿದ್ದಾಗ ತೆರೆದಿದ್ದು ಒತ್ತಡ ಬಂದಾಗ ಕೂಡುತ್ತದೆ. ಕೆಲವದು ಉಲ್ಟಾ, ಸುಮ್ಮನಿದ್ದಾಗ ಕೂಡಿದ್ದು ಒತ್ತಡಕ್ಕೆ ಬಿಡುತ್ತದೆ. ನಿಮ್ಮದು ಯಾವ ಜಾತಿ ಎಂದು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ನೆಟ್ಟಗಿದ್ದಾಗ ಮತ್ತು ತಿರುಗಿಸಿದಾಗ ಮೀಟರ್ ಬೇರೆ ಬೇರೆ ಹೇಳಬೇಕು, ಅಷ್ಟೇ.

ಮೀಟರ್ ಬದಲಾದರೆ ಸ್ವಿಚ್ ಬದುಕಿದೆ, ವೈರು ನೋಡಬೇಕು. ಬದಲಾಗದೆ, ಸ್ಟೀರಿಂಗ್ ಎಂದಿನಂತೆ ಹಗುರ ಇದ್ದರೆ ಸ್ವಿಚ್ ಸತ್ತಿದೆ. ಬದಲಾಗದೆ, ಸ್ಟೀರಿಂಗೂ ಬಿಗಿ ಇದ್ದರೆ ಒತ್ತಡವೇ ಏಳುತ್ತಿಲ್ಲ, ಆಗ ಪಂಪಿನ ಕಡೆ ಹೋಗಿ. ಕೂಡಿದಾಗ ಸೊನ್ನೆಯ ಹತ್ತಿರ ಬರಬೇಕಾದ ಓಮ್ ನೂರಾರು ತೋರಿಸಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಅದೂ ಬದಲಿಸುವ ಕೇಸೇ.

ಈಗ ವೈರಿನ ಸರದಿ. ಎಂಜಿನ್ ಬಂದ್, ಚಾವಿ ಮಾತ್ರ ಆನ್. ಮೀಟರನ್ನು ಡಿಸಿ ವೋಲ್ಟಿಗೆ ಹಾಕಿ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಕೊಟ್ಟು, ಕೆಂಪಿನಿಂದ ಬಿಚ್ಚಿದ ಪ್ಲಗ್ಗಿನ ಒಂದೊಂದೇ ತೂತು ಮುಟ್ಟಿ. ಮಾದರಿಗೆ ತಕ್ಕಂತೆ ಒಂದರಲ್ಲಿ ಸುಮಾರು 5 ವೋಲ್ಟ್ ಅಥವಾ ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು. ಇನ್ನೊಂದು ಅರ್ಥ್ ಆಗಿರಬೇಕು. ವೋಲ್ಟೇ ಇಲ್ಲ ಅಂದರೆ ವೈರು ತುಂಡಾಗಿದೆ ಅಥವಾ ಕಂಪ್ಯೂಟರಿನ ಕಡೆ ದೋಷ. ಹೊಸ ಸ್ವಿಚ್ ಹಾಕಿ ಪ್ರಯೋಜನವಿಲ್ಲ.

ವೋಲ್ಟ್ ಸರಿ ಇದ್ದರೆ ಕೊನೆಯ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿರುವಾಗ ಪ್ಲಗ್ಗಿನ ಎರಡು ತೂತುಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ, ಬಿಡಿಸಿ. ಒಂದೇ ವೈರಿನ ಪ್ಲಗ್ ಇದ್ದರೆ ಅದನ್ನು ಎಂಜಿನ್ ಮೈಗೆ ಮುಟ್ಟಿಸಿ. ಜೋಡಿಸಿದಾಗಲೋ ಬಿಡಿಸಿದಾಗಲೋ ಎಂಜಿನ್ನಿನ ಸದ್ದು ಕೊಂಚ ಏರಿದರೆ ವೈರು, ಕಂಪ್ಯೂಟರ್, ಐಡಲ್ ವಾಲ್ವ್ ಮೂರೂ ಸರಿ ಇವೆ ಎಂದು ಲೆಕ್ಕ. ಬ್ಯಾಟರಿಯಿಂದ ನೇರ ಕರೆಂಟ್ ಮಾತ್ರ ಆ ಪ್ಲಗ್ಗಿಗೆ ಕೊಡಬೇಡಿ, ಕಂಪ್ಯೂಟರ್ ಸುಟ್ಟೀತು.

ಈ ಕ್ರಮ ಹೇಗೆ ದುಡ್ಡು ಉಳಿಸುತ್ತದೆ ಅನ್ನುವುದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ. ಗೇರು ಬೆಳೆಗಾರರೊಬ್ಬರ ಕಾರಿಗೆ ಒಂದು ಗ್ಯಾರೇಜಿನಲ್ಲಿ ಸೆಕೆಂಡ್ ಹ್ಯಾಂಡ್ ಪಂಪ್ ಹಾಕಿ ಕಳಿಸಿದ್ದರು. ನಾಲ್ಕು ದಿನಕ್ಕೆ ಎಂಜಿನ್ ಮತ್ತೆ ನಿಲ್ಲತೊಡಗಿತು. "ಕಾಕಾ, ಮತ್ತ ಪಂಪ್ ಬಿಚ್ಚೂದು ಬ್ಯಾಡ್ರಿ, ಮೊದಲ ಪ್ಲಗ್ ನೋಡೂಣು" ಅಂದೆ. ಪ್ಲಗ್ ಒಣಗಿತ್ತು, ಸ್ವಿಚ್ಚೂ ಮೀಟರಿನಲ್ಲಿ ಸರಿಯಾಗಿ ಬದಲಾಗುತ್ತಿತ್ತು. ಪ್ಲಗ್ಗಿಗೆ ವೋಲ್ಟ್ ಮಾತ್ರ ಬರುತ್ತಿರಲಿಲ್ಲ. ವೈರಿನ ಜಾಡು ಹಿಡಿದು ಹೋದರೆ ಬ್ಯಾಟರಿಯ ಕೆಳಗೆ ಇಲಿ ಕಡಿದಿತ್ತು. ಒಂದು ಗೇಣು ವೈರು, ಒಂದು ಬೆಸುಗೆ, ಮೇಲೊಂದು ರಬ್ಬರ್ ಕೊಳವೆ. ಅಲ್ಲಿಗೆ ಮುಗಿಯಿತು. ಹಳೆಯ ಪಂಪ್ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು.

ಸ್ಕ್ಯಾನರ್ ಹೇಳುವುದನ್ನು ಹೇಗೆ ಓದಬೇಕು?

ಈಗ ಬೆಳಗಾವಿಯ ಎಷ್ಟೋ ಗ್ಯಾರೇಜುಗಳಲ್ಲಿ ಸ್ಕ್ಯಾನರ್ ಇದೆ. ಈ ಸರ್ಕೀಟಿಗೆ ಮೀಸಲಾದ ಸಂಕೇತಗಳು ಪಿ 0550ರಿಂದ ಪಿ 0554. 0551 ಬಂದರೆ ಸುದ್ದಿ ಇರಬೇಕಾದಂತೆ ಇಲ್ಲ ಎಂದು. 0552 ಮತ್ತು 0553 ಅಂದರೆ ಸಂಕೇತ ಅತಿ ಕಡಿಮೆ ಅಥವಾ ಅತಿ ಹೆಚ್ಚು. 0554 ಅಂದರೆ ಆಗಾಗ ಬಂದು ಹೋಗುವ ದೋಷ, ಹೆಚ್ಚಾಗಿ ಸಡಿಲ ಪ್ಲಗ್. ಈ ಸಂಖ್ಯೆಗಳು ಇಡೀ ಸರ್ಕೀಟಿನ ಬಗ್ಗೆ ಹೇಳುತ್ತವೆ. ಸ್ವಿಚ್ಚೇ ಕೆಟ್ಟಿದೆ ಎಂದು ಅವುಗಳ ಅರ್ಥ ಅಲ್ಲ.

ಸ್ಕ್ಯಾನರಿನಲ್ಲಿ ಇದಕ್ಕಿಂತ ಉಪಯೋಗದ ಸಂಗತಿ 'ಲೈವ್ ಡೇಟಾ'. ಅದರಲ್ಲಿ ಸ್ಟೀರಿಂಗ್ ಸ್ವಿಚ್ ಆನ್ ಅಥವಾ ಆಫ್ ಅಂತ ಕಾಣುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಅದು ಬದಲಾದರೆ ಸ್ವಿಚ್ಚಿನಿಂದ ಕಂಪ್ಯೂಟರಿನವರೆಗೆ ದಾರಿ ಸರಿ ಇದೆ. ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ತೀರಾ ಹಳೆಯ ಗಾಡಿಗಳು ಸ್ಕ್ಯಾನರಿಗೆ ಮಾತಾಡದೇ ಇರಬಹುದು. ಅಲ್ಲಿ ಮೀಟರೇ ಗತಿ.

ಸ್ವಿಚ್ ಬದಲಿಸುವಾಗ

ಎಂಜಿನ್ ತಣಿದಿರಲಿ. ಚಾಲೂ ಇರುವಾಗ ಒತ್ತಡದ ಪೈಪಿನ ಯಾವ ನಟ್ಟನ್ನೂ ಸಡಿಲಿಸಬಾರದು. ಸೂಜಿಯಂತೆ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೊಕ್ಕರೆ ಬೆರಳೇ ಹೋಗಬಹುದು. ಅಂಥ ಗಾಯ ಸಣ್ಣ ಚುಕ್ಕೆಯಂತೆ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಸೋರಿಕೆ ಎಲ್ಲಿದೆ ಎಂದು ಕೈಯಿಂದ ಸವರಿ ನೋಡುವ ಅಭ್ಯಾಸವೂ ಬೇಡ. ರಟ್ಟಿನ ತುಂಡು ಹಿಡಿಯಿರಿ.

ಕೆಳಗೆ ಒಂದು ಡಬ್ಬಿ ಇಟ್ಟು ಸರಿಯಾದ ಅಳತೆಯ ಪಾನಾ ಹಾಕಿ ಬಿಚ್ಚಿ. ಹೊಸ ಸ್ವಿಚ್ಚಿಗೆ ಹೊಸ ವಾಷರ್ ಅಥವಾ ಓ-ರಿಂಗ್. ನಲ್ಲಿಗೆ ಸುತ್ತುವ ಬಿಳಿ ಟೇಪು ಇಲ್ಲಿ ಬೇಡ. ಅದರ ಚೂರು ಎಣ್ಣೆಯೊಳಗೆ ಸೇರಿದರೆ ವಾಲ್ವ್ ಕಟ್ಟೀತು, ಒಂದೇ ವೈರಿನ ಸ್ವಿಚ್ಚಿಗೆ ಅರ್ಥ್ ಸಿಗದೆಯೂ ಹೋದೀತು. ಪಂಪಿನ ಮೈ ಅಲ್ಯೂಮಿನಿಯಂ ಆಗಿದ್ದರೆ ಮೊದಲು ಬೆರಳಲ್ಲೇ ತಿರುವಿ ಹಿಡಿಸಿ, ಆಮೇಲೆ ಹದವಾಗಿ ಬಿಗಿ ಮಾಡಿ.

ಡಬ್ಬಿಯ ಮುಚ್ಚಳ ಅಥವಾ ಮ್ಯಾನ್ಯುವಲ್‌ನಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಟ್ರ್ಯಾಕ್ಟರಿಗೆ ತಂದದ್ದು ಉಳಿದಿದೆ ಅಂತ ಅದನ್ನು ಸುರಿಯಬೇಡಿ. ಬ್ರೇಕ್ ಆಯಿಲ್ ಅಂತೂ ಬೇಡವೇ ಬೇಡ, ಸೀಲುಗಳೆಲ್ಲ ಉಬ್ಬಿ ಹೋಗುತ್ತವೆ. ಮುಂದಿನ ಚಕ್ರ ಎತ್ತಿ, ಬರೇ ಜಾಕಿನ ಮೇಲೆ ಬಿಡದೆ ಭದ್ರವಾದ ಸ್ಟ್ಯಾಂಡ್ ಕೊಡಿ. ಎಂಜಿನ್ ಬಂದ್ ಇರುವಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹತ್ತಾರು ಸಲ ತಿರುಗಿಸಿ, ಎಣ್ಣೆ ಇಳಿದಂತೆ ತುಂಬಿ. ಆಮೇಲೆ ಎಂಜಿನ್ ಚಾಲೂ ಮಾಡಿ ಇನ್ನೊಮ್ಮೆ ಹಾಗೇ. ನೊರೆ ನಿಂತರೆ ಗಾಳಿ ಹೋಯಿತು.

ನಮ್ಮ ಹವೆ, ನಮ್ಮ ಊರು

ಖಾನಾಪುರದ ಪಶ್ಚಿಮ ಭಾಗ ಅಂದರೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆ. ಮಳೆಗಾಲದಲ್ಲಿ ವಾರಗಟ್ಟಲೆ ಎಲ್ಲವೂ ತೇವ. ಕೆಳಮಟ್ಟದಲ್ಲಿ ಕೂತ ಈ ಪ್ಲಗ್ಗಿಗೆ ರಸ್ತೆಯ ನೀರು ಎರಚಿ ಕಡ್ಡಿಗಳು ಹಸಿರು ಹಿಡಿಯುತ್ತವೆ. ಬೇಸಿಗೆಯಲ್ಲಿ ಕೆಂಪು ಧೂಳು. ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ಪ್ಲಗ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು ಒಣಗಿಸಿ ಹಾಕಿ. ಎಂಜಿನ್ ಮೇಲೆ ಜೋರು ನೀರು ಹೊಡೆಸುವುದು ಬೇಡ. ಭತ್ತದ ಹುಲ್ಲಿನ ಬಣವೆ ಪಕ್ಕ ಗಾಡಿ ನಿಲ್ಲಿಸಿದರೆ ಇಲಿಗೆ ನಾವೇ ಆಮಂತ್ರಣ ಕೊಟ್ಟ ಹಾಗೆ.

ಇನ್ನೊಂದು ಅನುಕೂಲ ನಮಗಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಬೆಳಗಾವಿ ಫೌಂಡ್ರಿ ಮತ್ತು ಹೈಡ್ರಾಲಿಕ್ಸಿಗೆ ಹೆಸರಾದ ಊರು. ಖಾನಾಪುರ ರಸ್ತೆಯ ಉದ್ಯಮಬಾಗ್, ಮಚ್ಛೆ ಕೈಗಾರಿಕಾ ಪ್ರದೇಶಗಳಲ್ಲಿ ಎಣ್ಣೆ ಪಂಪು, ವಾಲ್ವು ತಯಾರಾಗುತ್ತವೆ. ಮಚ್ಛೆಯ ಪಾಲಿಹೈಡ್ರಾನ್ ಇದಕ್ಕೆ ಒಂದು ಉದಾಹರಣೆ. ನಮ್ಮ ಹಳ್ಳಿಗಳಿಂದ ಅಲ್ಲಿಗೆ ದುಡಿಯಲು ಹೋಗುವ ಹುಡುಗರಿದ್ದಾರೆ. ರಿಲೀಫ್ ವಾಲ್ವ್, ಪ್ರೆಶರ್ ಗೇಜ್ ಅವರಿಗೆ ದಿನದ ಮಾತು. ಪಂಪಿನ ಮೇಲೆಯೇ ಅನುಮಾನ ಉಳಿದರೆ ಗೇಜ್ ಕೂರಿಸಿ ಒತ್ತಡ ಅಳೆಯಬೇಕಾಗುತ್ತದೆ. ಅದು ಅಂಗಳದಲ್ಲಿ ಮಾಡುವ ಕೆಲಸ ಅಲ್ಲ. ಆದರೆ ಅಳೆದು ತೋರಿಸಿದ ಮೇಲೆ ಪಂಪ್ ಬದಲಿಸೋಣ ಅಂತ ಹೇಳುವ ಹಕ್ಕು ದುಡ್ಡು ಕೊಡುವ ನಮಗಿದೆ.

ಗ್ಯಾರೇಜಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ:

• ಎಸಿ, ಲೈಟ್ ಹಾಕಿದಾಗಲೂ ಎಂಜಿನ್ ಕುಸಿಯುತ್ತದೆಯೇ, ಸ್ಟೀರಿಂಗಿಗೆ ಮಾತ್ರವೇ?
• ಸ್ಟೀರಿಂಗ್ ಬಿಗಿಯೋ, ಹಗುರವೋ?
• ಎಣ್ಣೆಯ ಮಟ್ಟ, ಬಣ್ಣ, ನೊರೆ, ಬೆಲ್ಟಿನ ಸದ್ದು.
• ಪ್ಲಗ್ಗಿನೊಳಗೆ ಎಣ್ಣೆ, ನೀರು, ಹಸಿರು ತುಕ್ಕು ಇದೆಯೇ?
• ಚಕ್ರ ನೆಟ್ಟಗಿದ್ದಾಗ ಮೀಟರ್ ಏನು ಹೇಳಿತು, ತಿರುಗಿಸಿದಾಗ ಏನು?
• ಪ್ಲಗ್ಗಿಗೆ ಎಷ್ಟು ವೋಲ್ಟ್ ಬಂತು?

ಈ ಆರು ಸಾಲು ಕೈಯಲ್ಲಿದ್ದರೆ ಒಳ್ಳೆಯ ಮಿಸ್ತ್ರಿಗೆ ಅರ್ಧ ಕೆಲಸ ಮುಗಿದ ಹಾಗೆ. ಅಂದಾಜಿನ ಮಿಸ್ತ್ರಿಯೂ ಪಂಪಿಗೆ ಪಾನಾ ಹಾಕುವ ಮೊದಲು ಒಮ್ಮೆ ಯೋಚಿಸುತ್ತಾನೆ.